ಹೆಣದ ವ್ಯಾನಿಗೆ ಖಾಲಿ ಓಡಾಟದ ತೆರಿಗೆ

ತೆರಿಗೆ ಪ್ರಸ್ತಾವಗಳ ಪರಿಣಾಮವನ್ನು ಅಂದಾಜು ಮಾಡುವ ಕಚೇರಿಯ ಮುಖ್ಯಸ್ಥರಿಗೆ

ಮಾನ್ಯರೇ,

ನಮ್ಮ ಭಾವನ ವ್ಯಾನು ಹೆದ್ದಾರಿಯಲ್ಲಿ ಖಾಲಿ ಓಡಾಡುತ್ತಿದೆ ಎಂದು ತಮ್ಮ ಕಚೇರಿಯ ಆರ್ಥಿಕ ಮಾದರಿ ತೀರ್ಮಾನಿಸಿದೆ. ಹಾಗೆ ಖಾಲಿ ಓಡಾಡುವ ಅಪರಾಧಕ್ಕೆ ಅವರು ಪ್ರಯೋಗದ ಹೆಸರಿನಲ್ಲಿ ಈಗಾಗಲೇ ಪ್ರತಿ ಸಲವೂ ಕಟ್ಟುತ್ತಿರುವ ತೆರಿಗೆ ಬರುವ ತಿಂಗಳ ಮೊದಲ ದಿನದಿಂದ ಕಾಯಂ ಆಗುತ್ತದೆ. ವ್ಯಾನು ಖಾಲಿ ಓಡುತ್ತಿಲ್ಲ, ಸ್ವಾಮಿ. ಅದು ಹೆಣ ಸಾಗಿಸುವ ವ್ಯಾನು. ಅದರೊಳಗೆ ಒಬ್ಬರು ಇರುತ್ತಾರೆ. ಮಲಗಿರುತ್ತಾರೆ, ಮಾತಾಡುವುದಿಲ್ಲ, ಕಿಟಕಿಯಿಂದ ಕೈ ಹೊರಗೆ ಹಾಕುವುದಿಲ್ಲ, ಹಾಡು ಬದಲಾಯಿಸು ಎಂದು ಪೀಡಿಸುವುದಿಲ್ಲ. ಭೂಮಿಯ ಮೇಲಿನ ಪ್ರಯಾಣಿಕರಲ್ಲೇ ಅತ್ಯಂತ ಸಭ್ಯರು. ಆದರೆ ಇರುತ್ತಾರೆ. ಇದನ್ನು ತಮ್ಮ ಕಚೇರಿಗೆ ಅರ್ಜಿಯಲ್ಲಿ ತಿಳಿಸಿದೆವು, ಸಭೆಯಲ್ಲಿ ತಿಳಿಸಿದೆವು, ಮತ್ತೆ ಪತ್ರ ಬರೆದು ತಿಳಿಸಿದೆವು. ಮೂರು ಸಲವೂ ಆಗದು ಎಂಬ ಉತ್ತರವೇ ಬಂತು. ಆದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಭಾವ ಎಂದರೆ ನಮ್ಮ ಅಕ್ಕನ ಗಂಡ. ಹಿಂದೆ ಐಸ್‌ಕ್ರೀಮ್ ಕಂಪನಿಯ ಗಾಡಿ ಓಡಿಸುತ್ತಿದ್ದರು. ಕಂಪನಿ ಬಾಗಿಲು ಹಾಕಿದಾಗ ಆ ಗಾಡಿಯನ್ನೇ ಕೊಂಡು, ಮೈಮೇಲಿದ್ದ ಬಣ್ಣಬಣ್ಣದ ಚಿತ್ರಗಳನ್ನು ಉಜ್ಜಿಸಿ, ಬಿಳಿ ಬಳಿಸಿ, ಒಳಗೆ ಸ್ಟ್ರೆಚರ್ ಜಾರುವುದಕ್ಕೆ ಹಳಿ ಹಾಕಿಸಿದರು. "ತಣ್ಣಗಿಡೋ ವಿದ್ಯೆ ಎರಡಕ್ಕೂ ಒಂದೇ ಕಣೋ, ಇಲ್ಲಿ ಗಿರಾಕಿ ಕರಗೋ ಭಯ ಇಲ್ಲ ಅಷ್ಟೆ" ಎಂಬುದು ಅವರ ಹಳಸಲು ಜೋಕು. ಅದನ್ನು ಹೇಳಿದಾಗಲೆಲ್ಲ ಅಕ್ಕ "ಥೂ, ಮೊದಲು ಬಾಯಿ ತೊಳ್ಕೊಳ್ಳಿ" ಎನ್ನುತ್ತಾಳೆ. ಅವರನ್ನು ಸಾಧು ಎಂದು ಭಾವಿಸಬೇಡಿ. ಇಸ್ಪೀಟಿನಲ್ಲಿ ಹಾಡುಹಗಲೇ ಮೋಸ ಮಾಡುತ್ತಾರೆ, ಸಿಕ್ಕಿಬಿದ್ದರೆ ಎದುರಿಗಿದ್ದವರ ಕಣ್ಣು ಪರೀಕ್ಷೆ ಮಾಡಿಸಿ ಎಂದು ಸಲಹೆ ಕೊಡುತ್ತಾರೆ. ಆದರೆ ದೊಡ್ಡ ಆಸ್ಪತ್ರೆ ಇರುವುದು ನಗರದಲ್ಲಿ, ನಾವಿರುವುದು ಅಲ್ಲಿಂದ ಅರ್ಧ ದಿನದ ದಾರಿಯ ಸಣ್ಣ ಊರಿನಲ್ಲಿ. ವಾಸಿಯಾಗುತ್ತದೆ ಎಂದು ಅಲ್ಲಿಗೆ ಹೋಗಿ, ವಾಸಿಯಾಗದೆ ಹೋದವರನ್ನು ಮನೆಗೆ ತರುವ ಗಾಡಿ ನಮ್ಮೂರಲ್ಲಿ ಇದೊಂದೇ.

ತಮ್ಮ ತೆರಿಗೆಯ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಉದ್ದದ ವಾಹನಗಳು ಡ್ರೈವರನೊಬ್ಬನನ್ನೇ ಕೂರಿಸಿಕೊಂಡು ರಸ್ತೆ ತುಂಬ ಓಡಾಡುತ್ತವೆ, ಹೊಗೆ ಉಗುಳುತ್ತವೆ, ಉಳಿದವರ ದಾರಿಗೆ ಅಡ್ಡ ನಿಲ್ಲುತ್ತವೆ. ಖಾಲಿ ಓಡಾಟಕ್ಕೆ ತೆರಿಗೆ ಹಾಕಿದರೆ ಖಾಲಿ ಓಡಾಟ ಕಡಿಮೆಯಾಗುತ್ತದೆ. ಹೋಗುವಾಗಲೋ ಬರುವಾಗಲೋ, ಒಂದು ದಿಕ್ಕಿನಲ್ಲಾದರೂ ಒಬ್ಬ ಪ್ರಯಾಣಿಕನೋ ಒಂದಿಷ್ಟು ಸರಕೋ ಇದ್ದರೆ ತೆರಿಗೆ ಇಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಪತ್ರಿಕೆಯಲ್ಲಿ ಓದಿದ ದಿನ ನಾನೇ ಚಪ್ಪಾಳೆ ತಟ್ಟಿದ್ದೆ. ಚಪ್ಪಾಳೆ ತಟ್ಟುವಾಗ ನಮ್ಮನೆ ಮುಂದೆ ನಿಂತಿದ್ದ ಬಿಳಿ ವ್ಯಾನಿನ ಕಡೆ ನೋಡಲಿಲ್ಲ. ತಾವೂ ನೋಡಲಿಲ್ಲ. ಇಬ್ಬರ ನಡುವೆ ವ್ಯತ್ಯಾಸವೇನೆಂದರೆ, ನೋಡುವುದಕ್ಕೆಂದು ನನಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಹಾಸ್ಯ ಬರೆದು ಹೊಟ್ಟೆ ಹೊರೆಯುವವನಿಗೆ ಅರ್ಥಶಾಸ್ತ್ರ ಏನು ಗೊತ್ತು ಎಂದು ತಾವು ಕೇಳಬಹುದು. ಗೊತ್ತಿರಲಿಲ್ಲ. ಆದ್ದರಿಂದ ತಮ್ಮ ವರದಿಯನ್ನು ಅನುಬಂಧಗಳ ಸಮೇತ ಓದಿದೆ. ಅನುಬಂಧ ಓದಿದ ನಾಗರಿಕ ನಾನೊಬ್ಬನೇ ಇರಬೇಕು. ಮೂರನೆಯ ಅನುಬಂಧದಲ್ಲಿ ಎರಡು ಪುಟ ತಲೆಕೆಳಗಾಗಿ ಅಚ್ಚಾಗಿವೆ, ಇಷ್ಟು ದಿನವಾದರೂ ಯಾರೂ ದೂರಿಲ್ಲ. ನನಗೆ ಅರ್ಥವಾದದ್ದು ಇಷ್ಟು. ಮೊದಲು ತಮ್ಮ ಮಾದರಿ ಈಗ ಎಷ್ಟು ಖಾಲಿ ಓಡಾಟ ಇದೆ ಎಂದು ಎಣಿಸುತ್ತದೆ. ಅದನ್ನು ತೆರಿಗೆಯ ದರದಿಂದ ಗುಣಿಸಿದರೆ ಬೊಕ್ಕಸಕ್ಕೆ ಬರುವ ಮೊತ್ತ ಸಿಗುತ್ತದೆ. ಆದರೆ ಜನ ಕಲ್ಲುಬಂಡೆಗಳಲ್ಲ, ತೆರಿಗೆ ಬಿದ್ದರೆ ನಡತೆ ಬದಲಾಯಿಸಿಕೊಳ್ಳುತ್ತಾರೆ ಎಂಬುದು ತಮಗೆ ಗೊತ್ತು. ಹಾಗಾಗಿ ಹಿಂದೊಮ್ಮೆ ಡೀಸೆಲ್ ಬೆಲೆ ಏರಿದಾಗ ಇಂಥ ಓಡಾಟ ಎಷ್ಟು ಇಳಿದಿತ್ತೆಂದು ನೋಡಿ, ಈಗಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಎಂದು ಹಿಡಿದು, ಆ ಮೊತ್ತವನ್ನು ತಗ್ಗಿಸುತ್ತದೆ. ಆಮೇಲೆ ಈ ಹೊರೆ ಯಾರ ಬೆನ್ನ ಮೇಲೆ ಬೀಳುತ್ತದೆ ಎಂದು ನೋಡುವುದಕ್ಕೆ ನಾಡಿನ ಕುಟುಂಬಗಳನ್ನೆಲ್ಲ ಆದಾಯದ ಪ್ರಕಾರ ಹತ್ತು ಮೆಟ್ಟಿಲುಗಳ ಮೇಲೆ ನಿಲ್ಲಿಸುತ್ತದೆ. ಜಾಣತನದ ಕೆಲಸವೇ. ಇದ್ಯಾವುದೂ ಇಲ್ಲದೆ, ಯಾರೋ ಒಬ್ಬರು ಊಟವಾದ ಮೇಲೆ ಹಲ್ಲು ಕಡ್ಡಿ ಆಡಿಸುತ್ತ ತೆರಿಗೆ ನಿರ್ಧರಿಸುವುದಕ್ಕಿಂತ ಇದು ಎಷ್ಟೋ ಮೇಲು. ಮಾದರಿ ಬೇಡ ಎನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ.

ಆದರೆ ಎಣಿಕೆಯೇ ತಪ್ಪಿದ್ದರೆ ಗುಣಾಕಾರ ಏನು ಮಾಡೀತು?

ಅನುಬಂಧದ ಪ್ರಕಾರ, ತೆರಿಗೆ ಬಿದ್ದಾಗ ಖಾಲಿ ವಾಹನದವರು ಮೂರರಲ್ಲೊಂದು ಮಾಡುತ್ತಾರೆ: ಪ್ರಯಾಣ ಮುಂದೂಡುತ್ತಾರೆ, ಇನ್ನೊಬ್ಬರ ಜೊತೆ ಹಂಚಿಕೊಂಡು ಹೋಗುತ್ತಾರೆ, ಇಲ್ಲವೇ ಬಸ್ಸು ಹತ್ತುತ್ತಾರೆ. ಇದನ್ನು ಅಕ್ಕನ ಮನೆ ಅಡುಗೆಕೋಣೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಭಾವ ಟೀ ಲೋಟ ಕೆಳಗಿಟ್ಟರು.

"ಮುಂದೂಡೋದಾ? ಯಾರು, ನನ್ನ ಗಿರಾಕಿನಾ?"

"ಹಾಗೇ ಬರೆದಿದೆ ಭಾವ."

"ಮುಂದೂಡೋಕೆ ಆಗಿದ್ರೆ ಅವ್ನು ಸಾಯೋದನ್ನೇ ಮುಂದೂಡ್ತಿದ್ನಲ್ಲೋ! ಹೋಗ್ಲಿ, ಬಸ್ಸು ಅಂದ್ಯಲ್ಲ, ಬಸ್ಸಲ್ಲಿ ಫುಲ್ ಟಿಕೆಟ್ಟಾ, ಹಾಫ್ ಟಿಕೆಟ್ಟಾ?"

"ಇನ್ನೂ ಒಂದಿದೆ. ವಾಪಸ್ ಬರೋವಾಗ ಬಾಡಿಗೆ ಹುಡುಕ್ಕೊಂಡ್ರೆ ನಷ್ಟ ತಗ್ಗುತ್ತಂತೆ."

"ಸಾವಿನ ಮನೇಲಿ ನಿಂತ್ಕೊಂಡು?" ಭಾವ ಕೈ ಜೋಡಿಸಿ, ಅಂಗಡಿಯವರ ದನಿ ತೆಗೆದರು. "ಇಳಿಸಿದ್ದಾಯ್ತು ಯಜಮಾನ್ರೇ, ಗಾಡಿ ಖಾಲಿ ಹೋಗ್ತಾ ಇದೆ, ಮನೇಲಿ ಇನ್ಯಾರಾದ್ರೂ ತಯಾರಿದ್ದಾರಾ?"

ಒಲೆಯ ಮುಂದಿದ್ದ ಅಕ್ಕ ನಗು ತಡೆಯಲಾರದೆ ಸೌಟಿನಲ್ಲೇ ಹಣೆ ಚಚ್ಚಿಕೊಂಡಳು. ನಾನು ಮುಂದಿನ ಪುಟ ಓದಿದೆ: ಉದ್ದದ ವಾಹನದ ಒಡೆಯರು ಬಹುಪಾಲು ಮೇಲಿನೆರಡು ಮೆಟ್ಟಿಲುಗಳಲ್ಲಿ ಇರುವುದರಿಂದ ತೆರಿಗೆಯ ಹೊರೆ ಸಿರಿವಂತರ ಮೇಲೆಯೇ ಬೀಳುತ್ತದೆ. ಅಕ್ಕ ಸೌಟು ಹಿಡಿದುಕೊಂಡೇ ತಿರುಗಿದಳು.

"ನಾವು ಮೇಲಿನ ಮೆಟ್ಟಿಲಲ್ಲಿ ಇದ್ದೀವಾ? ಯಾವತ್ತಿಂದ?"

"ವ್ಯಾನು ಕೊಂಡಾಗಿಂದ ಇರಬೇಕು ಅಕ್ಕ."

"ನೋಡಿದ್ಯಾ, ಇಷ್ಟು ದಿನ ಒಬ್ರೂ ಒಂದು ಮಾತು ಹೇಳ್ಲಿಲ್ಲ! ಗೊತ್ತಿದ್ರೆ ಆ ಕಾಲು ಮುರ್ದಿರೋ ಸೋಫಾನಾದ್ರೂ ಬದಲಾಯಿಸ್ತಿದ್ದೆ."

ಅವತ್ತು ನಾವು ನಕ್ಕೆವು. ಯಾರೋ ಗುಮಾಸ್ತರು ಒಂದು ಸಾಲು ಬಿಟ್ಟಿರಬೇಕು, ಹೇಳಿದರೆ ಸರಿಮಾಡುತ್ತಾರೆ ಎಂದುಕೊಂಡೆವು. ತಿಳಿದವರ ಕಚೇರಿ, ತಿಳಿಸಿದರೆ ತಿಳಿಯುತ್ತದೆ ಎಂಬ ಆ ನಂಬಿಕೆಗೆ ನಾನು ಈಗಲೂ ನಾಚಿಕೊಳ್ಳುತ್ತಿದ್ದೇನೆ.

ಆಕ್ಷೇಪಣೆಗಳ ಸಭೆ ತಮಗೆ ನೆನಪಿರಬಹುದು. ತಾವು ವೇದಿಕೆಯ ನಡುವಿನ ಕುರ್ಚಿಯಲ್ಲಿದ್ದಿರಿ. ತಮ್ಮ ಎಡಕ್ಕೆ, ಕೈಯಲ್ಲಿ ಕೆಂಪು ಬೆಳಕಿನ ಕಡ್ಡಿ ಹಿಡಿದು ಪರದೆಯ ಮೇಲೆ ಚುಕ್ಕೆ ಕುಣಿಸುತ್ತಿದ್ದ ಮಾದರಿಯ ತಜ್ಞರು. ಸಭಾಂಗಣ ಎಷ್ಟು ತಣ್ಣಗಿತ್ತೆಂದರೆ ಭಾವ ನನ್ನ ಕಿವಿಯಲ್ಲಿ, "ನನ್ನ ಗಾಡಿಗಿಂತ ಚೆನ್ನಾಗಿ ಮಡಗಿದ್ದಾರೆ ಕಣೋ ಇವ್ರನ್ನ" ಎಂದರು. ಸರದಿ ಬಂದಾಗ ಎದ್ದು ನಿಂತು, ಮೈಕು ಕಿರುಚಿಕೊಂಡು ಸುಮ್ಮನಾಗುವವರೆಗೂ ಕಾದು, ತಮ್ಮ ಗಾಡಿ ಎಂಥದ್ದೆಂದು ಹೇಳಿ, ಅದು ಖಾಲಿಯಲ್ಲ ಎಂದರು. ತಜ್ಞರು ಬಹಳ ತಾಳ್ಮೆಯಿಂದ ಉತ್ತರ ಕೊಟ್ಟರು. ಅವರ ತಾಳ್ಮೆಯ ಬಗ್ಗೆ ನನ್ನ ದೂರಿಲ್ಲ.

"ನೋಡಿ, ಮಾದರಿಯಲ್ಲಿ ಪ್ರಯಾಣಿಕ ಅಂದ್ರೆ ಪ್ರಯಾಣದ ನಿರ್ಧಾರ ತಗೊಳ್ಳೋ ವ್ಯಕ್ತಿ. ಖರ್ಚು ನೋಡಿ, ಹೋಗ್ಬೇಕೋ ಬೇಡ್ವೋ ಅಂತ ಯೋಚನೆ ಮಾಡೋರು."

"ನಮ್ಮೋರು ನಿರ್ಧಾರ ಎಲ್ಲಾ ಮುಗಿಸಿಬಿಟ್ಟಿರ್ತಾರೆ ಸಾರ್."

"ಅದೇ ನಾನೂ ಹೇಳ್ತಿರೋದು. ಹಾಗಾಗಿ ಅವರು ಪ್ರಯಾಣಿಕರ ಲೆಕ್ಕಕ್ಕೆ ಬರಲ್ಲ."

"ಸರಿ, ಸರಕು ಅಂತಾದ್ರೂ ಬರ್ಕೊಳ್ಳಿ."

"ಸರಕಾದ್ರೆ ಕಳಿಸಿದವರ ಬಿಲ್ ಬೇಕು, ಅದರ ಬೆಲೆ ಇಷ್ಟು ಅಂತ ಘೋಷಣೆ ಬೇಕು."

"ಎಷ್ಟು ಅಂತ ಬರೀಲಿ ಸಾರ್?"

ಪರದೆಯ ಮೇಲೆ ಕೆಂಪು ಚುಕ್ಕೆ ಸುಮ್ಮನೆ ಒಂದು ಮೂಲೆಯಲ್ಲಿ ನಿಂತಿತ್ತು. ಆಗ ಭಾವ, ಸತ್ತವರನ್ನು ಬಿಡಿ, ಅವರ ಜೊತೆ ಬರುವವರನ್ನಾದರೂ ಎಣಿಸಿ ಎಂದು ಕೇಳಿದರು. ಮುಂದಿನ ಸೀಟು ಸಿಬ್ಬಂದಿಯ ಸೀಟು, ಅಲ್ಲಿ ಕೂತವರು ಸಿಬ್ಬಂದಿಯೇ ಎಂದರು ತಜ್ಞರು.

"ಅಪ್ಪನ್ನ ಕಳ್ಕೊಂಡು ದಾರಿ ಉದ್ದಕ್ಕೂ ಅಳ್ತಾ ಕೂತಿರೋ ಮಗಳು ನನ್ನ ಗಾಡಿ ಕ್ಲೀನರ್ರಾ ಸಾರ್?"

ಆಗ ತಾವು ಬಾಯಿ ಬಿಟ್ಟಿರಿ. ಅವತ್ತು ತಾವು ಆಡಿದ್ದು ಒಂದೇ ಮಾತು, ಅದನ್ನು ಇಲ್ಲಿ ಹಾಗೆಯೇ ದಾಖಲಿಸುತ್ತೇನೆ: "ನಿಮ್ಮ ಭಾವನೆಗಳು ನಮಗೆ ಅರ್ಥವಾಗುತ್ತವೆ."

"ಭಾವನೆ ಇಟ್ಕೊಳ್ಳಿ ಸಾರ್, ಲೆಕ್ಕ ಸರಿ ಮಾಡಿ" ಎಂದು ಭಾವ ಮೈಕು ಪಕ್ಕದವರ ಕೈಗೆ ಕೊಟ್ಟರು.

ಮಾನ್ಯರೇ, ತಮ್ಮ ತಜ್ಞರ ವ್ಯಾಖ್ಯೆಯನ್ನು ಸ್ವಲ್ಪ ಪರೀಕ್ಷಿಸೋಣ. ತಾಯಿಯ ಮಡಿಲಲ್ಲಿ ಮಲಗಿದ ಕೂಸು ಖರ್ಚು ನೋಡಿ ಪ್ರಯಾಣದ ನಿರ್ಧಾರ ತೆಗೆದುಕೊಳ್ಳುತ್ತದೆಯೇ? ತಮ್ಮ ಮಾದರಿಯಲ್ಲಿ ಅದು ಒಂದು. ಗೊರಕೆ ಹೊಡೆಯುತ್ತ ಇಳಿಯುವ ನಿಲ್ದಾಣ ದಾಟಿಬಿಟ್ಟವನು? ಒಂದು. ಹೆಂಡತಿಯ ಹಟಕ್ಕೆ ಅವಳ ತವರಿನ ಸಮಾರಂಭಕ್ಕೆ ಹೊರಟವನು ಯಾವ ನಿರ್ಧಾರ ತೆಗೆದುಕೊಂಡಿದ್ದಾನೆ? ಅವನೂ ಒಂದು. ನಿರ್ಧಾರ ತೆಗೆದುಕೊಳ್ಳದವರನ್ನು ಗಾಡಿಯಿಂದ ಇಳಿಸುತ್ತ ಹೋದರೆ ಹೆದ್ದಾರಿಯಲ್ಲಿ ಎಷ್ಟು ಜನ ಉಳಿದಾರು? ಉಸಿರಾಡುವವರಿಗೆಲ್ಲ ರಿಯಾಯಿತಿ ಕೊಟ್ಟು, ಉಸಿರು ನಿಂತವರ ಮುಂದೆ ಮಾತ್ರ ವ್ಯಾಖ್ಯೆಯನ್ನು ಬಿಗಿಯಾಗಿ ಹಿಡಿದು ನಿಲ್ಲುವುದು ಯಾವ ಶಾಸ್ತ್ರ?

ನಾನು ಇಷ್ಟು ಕೂಗಾಡುವುದಕ್ಕೆ ಕಾರಣ ಹೇಳಿಬಿಡುತ್ತೇನೆ. ನಮ್ಮ ಅಪ್ಪ ಆ ವ್ಯಾನಿನಲ್ಲಿ ಬಂದರು. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೂ ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ, ಎಲ್ಲಿ ಕೂತರೂ ಕಣ್ಣಿನಲ್ಲೇ ತಲೆ ಎಣಿಸುತ್ತಿದ್ದರು. ಅವರು ನಗರದ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಶವಾಗಾರದ ಹಿಂಬಾಗಿಲಿಗೆ ಭಾವ ವ್ಯಾನು ತಂದರು. ಸ್ಟ್ರೆಚರ್ ಒಳಗೆ ಜಾರಿಸಿದ್ದಾಯಿತು, ಬೆಲ್ಟು ಬಿಗಿದದ್ದಾಯಿತು. ಭಾವ ಬಾಗಿಲು ಹಾಕಿ, ವ್ಯಾನಿನ ಪಕ್ಕಕ್ಕೆ ಅಂಗೈಯಿಂದ ಎರಡು ಸಲ ಬಡಿದು, "ರೈಟ್ ಮಾವ" ಎಂದು ಹೇಳಿ ಹೋಗಿ ಸ್ಟಿಯರಿಂಗ್ ಹಿಡಿದರು. ಅಲ್ಲಿಯವರೆಗೂ ಗಟ್ಟಿಯಾಗಿದ್ದ ನಾನು ಆಗ ಅತ್ತೆ. ದಾರಿಯುದ್ದಕ್ಕೂ ಭಾವ ಹಿಂದಕ್ಕೆ ಮಾತಾಡುತ್ತಿದ್ದರು. "ಮಾವ, ಹಂಪ್ ಬಂತು, ನಿಧಾನಕ್ಕೆ ಹೋಗ್ತೀನಿ." "ಮಾವ, ಸೇತುವೆ ದಾಟ್ತಿದ್ದೀವಿ." ನಮ್ಮ ಅಪ್ಪ ಎಂದು ವಿಶೇಷವಲ್ಲ. ಹತ್ತಿಸಿಕೊಂಡ ಪ್ರತಿಯೊಬ್ಬರಿಗೂ ಅವರು ಹೀಗೆಯೇ ದಾರಿ ಹೇಳುತ್ತಾರೆ. ಯಾಕೆ ಭಾವ ಎಂದು ಒಮ್ಮೆ ಕೇಳಿದ್ದಕ್ಕೆ, "ಸುಮ್ನೆ ಓಡಿಸಿದ್ರೆ ಮತ್ತೆ ಐಸ್‌ಕ್ರೀಮ್ ಹಾಕ್ಕೊಂಡು ಹೋದಂಗೆ ಅನ್ಸುತ್ತೆ ಕಣೋ" ಎಂದಿದ್ದರು. ಅವತ್ತಿನ ಆ ಓಡಾಟ ತಮ್ಮ ಕೋಷ್ಟಕದಲ್ಲಿ ಹೀಗಿರುತ್ತದೆ: ಉದ್ದದ ವಾಹನ ಒಂದು, ಸಿಬ್ಬಂದಿ ಇಬ್ಬರು, ಪ್ರಯಾಣಿಕರು ಸೊನ್ನೆ.

ಇನ್ನು, ತಮ್ಮ ಮಾದರಿ ಹೇಳಿದಂತೆ ಜನ ನಿಜವಾಗಿಯೂ ನಡತೆ ಬದಲಾಯಿಸಿಕೊಂಡ ಕಥೆಗೆ ಬರುತ್ತೇನೆ. ತಾವು ಹೆಮ್ಮೆಪಡಬೇಕಾದ ಭಾಗ ಇದು.

ತೆರಿಗೆಯನ್ನು ನಾಡಿನಾದ್ಯಂತ ಜಾರಿ ಮಾಡುವ ಮೊದಲು ತಾವು ನಮ್ಮ ಹೆದ್ದಾರಿಯಲ್ಲಿ ಅದನ್ನು ಪ್ರಯೋಗಕ್ಕಿಟ್ಟಿರಿ. ಟೋಲ್ ಗೇಟಿನಲ್ಲಿ ಕ್ಯಾಮೆರಾ ಕೂರಿಸಿ ತಲೆ ಎಣಿಸಿದಿರಿ. ಆರಂಭದಲ್ಲಿ ಭಾವ ತೆರಿಗೆಯನ್ನು ತಾವೇ ನುಂಗಿಕೊಂಡರು. ದುಃಖದಲ್ಲಿರುವವರ ಮುಂದೆ ಹೊಸ ದರ ಹೇಳುವುದಕ್ಕೆ ಅವರಿಗೆ ನಾಲಗೆ ಏಳುತ್ತಿರಲಿಲ್ಲ. ಹಾಗೆ ಎಷ್ಟು ದಿನ ನಡೆದೀತು? ಕೊನೆಗೆ ಅಕ್ಕನೇ, "ಊರಿನೋರ್ನೆಲ್ಲಾ ಮನೆಗೆ ಸೇರಿಸಿ ನಾವು ಬೀದಿಗೆ ಬೀಳೋದಾ? ಬಾಯಿಬಿಟ್ಟು ಹೇಳಿ" ಎಂದಳು. ಆ ಮೇಲೆ ಮೊದಲು ಬಂದವರು ನಮ್ಮ ಬೀದಿಯ ಟೈಲರ್. ಅವರ ತಾಯಿ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಭಾವ ತೆರಿಗೆ ಸೇರಿಸಿ ದರ ಹೇಳಿದರು. ಟೈಲರ್ ಸ್ವಲ್ಪ ಹೊತ್ತು ನೆಲ ನೋಡಿ, "ನೋಡ್ತೀನಿ ಅಣ್ಣ" ಎಂದು ಹೊರಟುಹೋದರು.

ಮರುದಿನ ಅವರು ತಾಯಿಯನ್ನು ಮನೆಗೆ ತಂದರು. ಸಣ್ಣ ಬಾಡಿಗೆ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ, ಮಗ ಮತ್ತು ಸೊಸೆಯ ನಡುವೆ, ಕೂರಿಸಿಕೊಂಡು. ಕುತ್ತಿಗೆಗೆ ಮಫ್ಲರ್ ಸುತ್ತಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಅರ್ಧ ದಿನದ ದಾರಿಯುದ್ದಕ್ಕೂ ಸೊಸೆ ಆ ತಲೆಯನ್ನು ತನ್ನ ಭುಜಕ್ಕೆ ಒತ್ತಿ ಹಿಡಿದುಕೊಂಡು ಬಂದಳಂತೆ. ಕಾರಿನವನಿಗೆ, ಅಜ್ಜಿಗೆ ಔಷಧಿಯ ಮಂಪರು ಎಂದು ಹೇಳಿದ್ದರಂತೆ. ಅವನಿಗೆ ಗೊತ್ತಾಗದೆ ಇರುತ್ತದೆಯೇ? ಪಾಪ, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಕೊಂಡು ಓಡಿಸಿದನಂತೆ. ಟೋಲ್ ಗೇಟಿನಲ್ಲಿ ತಮ್ಮ ಕ್ಯಾಮೆರಾ ಆ ಕಾರಿನೊಳಗೆ ಇಣುಕಿತು. ಹಿಂದೆ ಮೂರು ನೆಟ್ಟಗಿನ ತಲೆ. ಪ್ರಯಾಣಿಕರು ಮೂವರು ಎಂದು ಎಣಿಸಿ ಗೇಟು ಎತ್ತಿತು.

ತಿಳಿಯಿತೇ, ಮಾನ್ಯರೇ? ಕೂತಿದ್ದರೆ ಒಂದು, ಮಲಗಿದರೆ ಸೊನ್ನೆ. ಇದು ತಮ್ಮ ಮಾದರಿಗೆ ಗೊತ್ತಿರುವ ಬದುಕು ಸಾವುಗಳ ವ್ಯತ್ಯಾಸ. ತಮ್ಮ ಪ್ರಯೋಗದ ವರದಿ ಹೊರಬಂದಾಗ ಅದರಲ್ಲೊಂದು ವಾಕ್ಯವಿತ್ತು: "ಉದ್ದದ ವಾಹನಗಳ ಖಾಲಿ ಓಡಾಟ ಇಳಿದಿದ್ದು, ಸಣ್ಣ ಕಾರುಗಳಲ್ಲಿ ಪ್ರಯಾಣಿಕರ ಸರಾಸರಿ ಸಂಖ್ಯೆ ಏರಿದೆ, ಜನರ ಸ್ಪಂದನೆ ಮಾದರಿಯ ನಿರೀಕ್ಷೆಗೆ ಅನುಗುಣವಾಗಿದೆ." ಆ ಸರಾಸರಿಯೊಳಗೆ ಟೈಲರ್ ಅವರ ತಾಯಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಾರೆ. ನಾನು ಇಷ್ಟು ವರ್ಷ ಹಾಸ್ಯ ಬರೆದಿದ್ದೇನೆ. ಇಂಥದೊಂದು ವಾಕ್ಯ ಬರೆಯುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಈ ಸಂಗತಿ ಭಾವನಿಗೆ ಗೊತ್ತಾದ ದಿನ ಅವರು ಊಟಕ್ಕೆ ಏಳಲಿಲ್ಲ. ಟೈಲರ್ ಅವರೇ ಬಂದು ಎದುರಿಗೆ ಕೂತು, "ನಿಮ್ಮ ತಪ್ಪಲ್ಲ ಅಣ್ಣ" ಎಂದರು. ಭಾವ ಕೊನೆಯ ಮಾತನ್ನು ಬೇರೆಯವರಿಗೆ ಬಿಟ್ಟುಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೈಲರ್ ಹೋದ ಮೇಲೆ ಭಾವ ನನ್ನ ಕಡೆ ತಿರುಗಿದರು. "ನಾನು ರೇಟ್ ಹೇಳ್ಬಾರ್ದಿತ್ತು ಕಣೋ. ಇನ್ಮೇಲೆ ಹೇಳ್ಳೂ ಆಗಲ್ಲ, ಹೇಳ್ದೆ ಇರ್ಲೂ ಆಗಲ್ಲ. ಮಾರಿಬಿಡ್ತೀನಿ."

ಇದನ್ನೆಲ್ಲ ಬರೆದು, ಟೈಲರ್ ಅವರ ಒಪ್ಪಿಗೆ ಪಡೆದು, ತಮ್ಮ ಕಚೇರಿಗೆ ಕಳುಹಿಸಿದೆ. ಉತ್ತರ ಬಂತು. "ತಾವು ಸೂಚಿಸಿರುವ ವರ್ಗದ ವಾಹನಗಳ ಪ್ರಮಾಣವು ಒಟ್ಟು ಅಂದಾಜಿನಲ್ಲಿ ನಗಣ್ಯವಾಗಿರುವುದರಿಂದ ಮಾದರಿಯಲ್ಲಿ ಬದಲಾವಣೆಯ ಅಗತ್ಯ ಕಂಡುಬಂದಿಲ್ಲ."

ನಗಣ್ಯ! ಈ ಪದವನ್ನು ಸ್ವಲ್ಪ ಕೂರಿಸಿ ಮಾತಾಡಿಸೋಣ. ನಾಡಿನ ಹೆಣದ ವ್ಯಾನುಗಳನ್ನೆಲ್ಲ ತೆರಿಗೆಯಿಂದ ಬಿಟ್ಟರೂ ಬೊಕ್ಕಸಕ್ಕೆ ಏನೂ ಆಗುವುದಿಲ್ಲ ಎಂದು ತಾವೇ ಲಿಖಿತವಾಗಿ ಒಪ್ಪಿದ್ದೀರಿ. ಹಾಗಿದ್ದ ಮೇಲೆ ಬಿಡುವುದಕ್ಕೆ ಅಡ್ಡಿ ಏನು? ಮೊತ್ತ ದೊಡ್ಡದಾಗಿದ್ದರೆ, "ಬೊಕ್ಕಸಕ್ಕೆ ನಷ್ಟ, ಬಿಡಲಾಗದು" ಎನ್ನುತ್ತಿದ್ದಿರಿ. ಮೊತ್ತ ಚಿಕ್ಕದಾಗಿದೆ, "ನಗಣ್ಯ, ಬಿಡಬೇಕಾಗಿಲ್ಲ" ಎನ್ನುತ್ತೀರಿ. ನಮ್ಮ ಭಾವನ ಇಸ್ಪೀಟಿನ ನ್ಯಾಯವೂ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಯಾವ ಎಲೆ ಬಿದ್ದರೂ ಗೆಲ್ಲುವವರು ಒಬ್ಬರೇ.

ನಿಜವಾದ ಕಾರಣ ಬೇರೆ ಎಂದು ನನ್ನ ಗುಮಾನಿ. ಎಣಿಕೆಯಲ್ಲಿ ಒಂದು ಸಾಲು ಬದಲಾಯಿಸಿದರೆ ಮಾದರಿಯನ್ನು ಮೊದಲಿಂದ ಓಡಿಸಬೇಕು. ಓಡಿಸಿದರೆ ಕೊನೆಯ ಅಂಕಿ ಕೂದಲೆಳೆಯಷ್ಟು ಅಲುಗುತ್ತದೆ. ಆ ಅಂಕಿ ಆಗಲೇ ಭಾಷಣಗಳಲ್ಲಿ ಸೇರಿಹೋಗಿದೆ, ಫಲಕಗಳ ಮೇಲೆ ಅಚ್ಚಾಗಿದೆ. ಅಲುಗಿದರೆ, ಮೊದಲು ಯಾಕೆ ಹಾಗೆ ಹೇಳಿದಿರಿ ಎಂದು ಯಾರಾದರೂ ಕೇಳಿಯಾರು. ಕೇಳುವವರು ಇರುವುದಿಲ್ಲ ಎಂದು ನಾನು ಭರವಸೆ ಕೊಡುತ್ತೇನೆ. ತಲೆಕೆಳಗಾದ ಪುಟಗಳನ್ನೇ ಯಾರೂ ಕೇಳಿಲ್ಲ. ತಪ್ಪು ಅಂದಾಜು ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಅಂದಾಜು ಎಂದ ಮೇಲೆ ತಪ್ಪುತ್ತದೆ. ತಪ್ಪಿದ್ದನ್ನು ಕೈಹಿಡಿದು ತೋರಿಸಿದ ಮೇಲೂ, ಕಾಗದದ ಮೇಲಿನ ಅಂಕಿ ಅಲುಗಬಾರದೆಂದು ಒಂದು ಹೆಣವನ್ನು ಅಲುಗಾಡುವ ಕಾರಿನಲ್ಲಿ ಕೂರಿಸುತ್ತೀರಲ್ಲ, ಅದಕ್ಕೆ ಸಿಟ್ಟು. ಟೈಲರ್ ಅವರ ಹೆಂಡತಿಗೆ ಆ ಭುಜ ಇನ್ನೂ ನೋಯುತ್ತಿದೆಯಂತೆ. ಅದನ್ನು ತಮ್ಮ ಮಾದರಿಯ ಯಾವ ಅನುಬಂಧಕ್ಕೆ ಸೇರಿಸುತ್ತೀರಿ?

ವ್ಯಾನು ನೋಡುವುದಕ್ಕೆ ಮೊನ್ನೆ ಗಿರಾಕಿ ಬಂದಿದ್ದರು. ರಸ್ತೆ ಬದಿ ತಿಂಡಿ ಮಾರುವ ಗಾಡಿ ಮಾಡುತ್ತಾರಂತೆ. ಒಳ್ಳೆಯ ಮನುಷ್ಯರೇ, ಅವರ ಮೇಲೆ ನನಗೇನೂ ಇಲ್ಲ. ತೆರಿಗೆಯಿಂದಾಗಿ ಸಂಪನ್ಮೂಲಗಳು ಹೆಚ್ಚು ಉತ್ಪಾದಕ ಬಳಕೆಯತ್ತ ಹರಿಯುತ್ತವೆ ಎಂದು ತಮ್ಮ ವರದಿಯಲ್ಲಿ ಓದಿದ್ದೆ. ಹರಿಯುವುದನ್ನು ಕಣ್ಣಾರೆ ಕಂಡೆ. ಅವರು ಹಿಂಬಾಗಿಲು ತೆಗೆದು ಒಳಗೆ ಹತ್ತಿ, ಅಳತೆಯ ಟೇಪು ಎಳೆದು, "ಇಲ್ಲಿ ಒಲೆ ಕೂರುತ್ತೆ, ಇಲ್ಲಿ ಪಾತ್ರೆ, ಈ ಹಳಿ ಕಿತ್ತುಹಾಕಿದ್ರೆ ಜಾಗ ಬೇಕಾದಷ್ಟು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕೂಲಿಂಗ್ ನೋಡಿ ಮೆಚ್ಚಿ, ತಲೆ ಹೊರಗೆ ಹಾಕಿ ಕೇಳಿದರು.

"ಚೆನ್ನಾಗಿ ಇಟ್ಟಿದ್ದೀರ. ಇದ್ರಲ್ಲಿ ಏನು ಸಾಗಿಸ್ತಿದ್ರಿ?"

ಭಾವ ಟೈರಿನ ಗಾಳಿ ನೋಡುವವರಂತೆ ಬಗ್ಗಿದ್ದರು. ತಲೆ ಎತ್ತಲಿಲ್ಲ.

"ಜನಾನ" ಎಂದರು.

ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳೇ ಹೊರಗೆ ಬಂದು, ಮುಂಗಡ ಎಣಿಸಲು ಕೈಹಾಕಿದ್ದ ಆ ಮನುಷ್ಯರಿಗೆ, "ಈಗ ಬೇಡ, ಶನಿವಾರ ಬನ್ನಿ" ಎಂದಳು. ಭಾವ, "ಶನಿವಾರಕ್ಕೆ ಏನಾಗ್ಬಿಡುತ್ತೆ ಅಂತ ಇವಳು..." ಎಂದು ಗೊಣಗಿದರು. ಅಕ್ಕ ನನ್ನ ಕಡೆ ಬೆರಳು ತೋರಿಸಿ, "ಇವ್ನು ಪೇಪರಲ್ಲಿ ಬರೀತಾನೆ. ಆ ಸಾಹೇಬ್ರೂ ಪೇಪರ್ ಓದ್ತಾರಲ್ಲ, ಮನುಷ್ಯರೇ ತಾನೆ" ಎಂದಳು. ತಮ್ಮನ್ನು ಮನುಷ್ಯರೆಂದು ಲೆಕ್ಕ ಹಾಕಿದ್ದಾಳೆ. ಅವಳ ಅಂದಾಜು ಸುಳ್ಳಾಗದಿರಲಿ.

ನನ್ನ ಬೇಡಿಕೆ ಚಿಕ್ಕದು. ತೆರಿಗೆ ರದ್ದು ಮಾಡಿ ಎನ್ನುತ್ತಿಲ್ಲ, ಮಾದರಿಯನ್ನು ಗುಜರಿಗೆ ಹಾಕಿ ಎನ್ನುತ್ತಿಲ್ಲ, ತಜ್ಞರ ಕೈಯಿಂದ ಕೆಂಪು ಕಡ್ಡಿ ಕಸಿದುಕೊಳ್ಳಿ ಎಂದೂ ಎನ್ನುತ್ತಿಲ್ಲ. ವಾಹನದಲ್ಲಿ ಮಲಗಿ ಮನೆಗೆ ಹೋಗುತ್ತಿರುವ ಸತ್ತವರನ್ನು ಒಬ್ಬ ಪ್ರಯಾಣಿಕ ಎಂದು ಎಣಿಸತಕ್ಕದ್ದು ಎಂದು ಒಂದೇ ಒಂದು ಸಾಲಿನ ತಿದ್ದುಪಡಿಯನ್ನು ಈ ಶನಿವಾರದೊಳಗೆ ಹೊರಡಿಸಿ. ತಮ್ಮದೇ ನಿಯಮದ ಪ್ರಕಾರ ಹೋಗುವಾಗಿನ ತೆರಿಗೆಯೂ ಬರುವಾಗಿನ ತೆರಿಗೆಯೂ ಅಲ್ಲಿಗೆ ಮುಗಿಯುತ್ತದೆ. ಭಾವ ಹಳೆಯ ದರವನ್ನೇ ಹೇಳುತ್ತಾರೆ, ಟೈಲರ್ ಅವರಂಥವರು ನೆಲ ನೋಡಬೇಕಾಗುವುದಿಲ್ಲ. ಪ್ರಯೋಗದ ವರದಿಯ ಆ ಹೆಮ್ಮೆಯ ವಾಕ್ಯವನ್ನು ಹಿಂದಕ್ಕೆ ಪಡೆಯಿರಿ. ಆ ಮುದುಕಿಯ ಕಣ್ಣಿಂದ ಕನ್ನಡಕ ತೆಗೆದು ಅವರನ್ನು ಮಲಗಲು ಬಿಡಿ.

ಇದಕ್ಕೂ ಉತ್ತರ ನಗಣ್ಯ ಎಂದೇ ಆದರೆ, ತಿಂಡಿ ಗಾಡಿ ಶುರುವಾದ ದಿನ ತಾವು ಖಂಡಿತ ಬರಬೇಕು. ಮೊದಲ ತಟ್ಟೆ ತಮಗೇ, ದುಡ್ಡು ನಾನು ಕೊಡುತ್ತೇನೆ. ಒಲೆ ಎಲ್ಲಿಟ್ಟಿದ್ದಾರೆ ಎಂದು ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ನಮ್ಮ ಅಪ್ಪನ ತಲೆ ಇದ್ದದ್ದು ಅಲ್ಲೇ.

ಇಂತಿ,
ತಮ್ಮ ಕೋಷ್ಟಕದಲ್ಲಿ ಸದ್ಯಕ್ಕೆ ಒಂದು ಎಂದು ಎಣಿಕೆಯಾಗುತ್ತಿರುವ,
ಆದಷ್ಟು ಕಾಲ ನೆಟ್ಟಗೆ ಕೂತಿರಲು ಹೆಣಗುತ್ತಿರುವ,
ಒಬ್ಬ ತೆರಿಗೆದಾರ